ಆರೋಪಪಟ್ಟಿ ಇಲ್ಲದ ಕೈದಿ: ಭಯೋತ್ಪಾದನೆಯ ಶಂಕಿತನನ್ನು ಸೇನೆ ಹಿಡಿದಿಟ್ಟರೆ ಏನಾಗುತ್ತದೆ?

ಭಯೋತ್ಪಾದಕ ದಾಳಿಯ ಸುದ್ದಿ ಬಂದಾಗಲೆಲ್ಲ ಟಿ.ವಿ. ಚರ್ಚೆಯಲ್ಲೂ ಚಹಾದಂಗಡಿಯಲ್ಲೂ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಇಂಥವರಿಗೆ ಕೋರ್ಟು, ವಕೀಲರು ಯಾಕೆ? ಸೇನೆಯ ಕೈಗೆ ಒಪ್ಪಿಸಿಬಿಡಬೇಕು.’ ಅಜ್ಮಲ್ ಕಸಬ್ ಸಿಕ್ಕಿಬಿದ್ದಾಗಲೂ ಈ ಮಾತು ಬೇಕಾದಷ್ಟು ಕೇಳಿಸಿತ್ತು. ಭಾರತ ಹಾಗೆ ಮಾಡಲಿಲ್ಲ. ಮುಂಬೈಯ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ನಡೆದು, ಮೇಲ್ಮನವಿಗಳೆಲ್ಲ ಮುಗಿದು, 2012ರ ನವೆಂಬರ್‌ನಲ್ಲಿ ಅವನಿಗೆ ಗಲ್ಲಾಯಿತು.

ಆದರೆ ‘ಸೇನೆಗೆ ಒಪ್ಪಿಸಿ’ ಎಂಬುದನ್ನು ಅಕ್ಷರಶಃ ಮಾಡಿ ನೋಡಿದ ದೇಶ ಅಮೆರಿಕ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅದು ನೂರಾರು ಜನರನ್ನು ಯಾವ ಆರೋಪವನ್ನೂ ಹೊರಿಸದೆ ಸೇನೆಯ ವಶದಲ್ಲಿ ಇರಿಸಿಕೊಂಡಿತು. ಕ್ಯೂಬಾದ ಗ್ವಾಂಟಾನಮೊ ಸೆರೆಮನೆಯ ಹೆಸರು ಬಹಳ ಜನ ಕೇಳಿರುತ್ತಾರೆ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ವಲಸಿಗರನ್ನು ಅದೇ ನೌಕಾನೆಲೆಯಲ್ಲಿ ಇರಿಸಲು ಆದೇಶಿಸಿದ ಮೇಲೆ ಆ ಹೆಸರು ಮತ್ತೆ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ನಾನಿಲ್ಲಿ ಹೇಳಹೊರಟಿರುವುದು ಅದಕ್ಕಿಂತ ಕಡಿಮೆ ಪರಿಚಿತವಾದ, ಆದರೆ ಕಾನೂನಿನ ದೃಷ್ಟಿಯಲ್ಲಿ ಹೆಚ್ಚು ತೊಡಕಿನ ಒಂದು ಪ್ರಕರಣ. ಅದರಲ್ಲಿ ಸೇನೆ ಹಿಡಿದಿಟ್ಟದ್ದು ವಿದೇಶಿಯನ್ನಲ್ಲ, ಅಮೆರಿಕದ ಪ್ರಜೆಯನ್ನು. ಅವನನ್ನು ಬಂಧಿಸಿದ್ದು ರಣರಂಗದಲ್ಲಿ ಅಲ್ಲ, ಅಮೆರಿಕದ್ದೇ ವಿಮಾನ ನಿಲ್ದಾಣದಲ್ಲಿ.

ಷಿಕಾಗೊದಿಂದ ಚಾರ್ಲ್ಸ್‌ಟನ್‌ಗೆ

ಹೊಸೆ ಪಡಿಲ್ಲಾ ಹುಟ್ಟಿದ್ದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ಬೆಳೆದದ್ದು ಷಿಕಾಗೊದಲ್ಲಿ. ಹರೆಯದಲ್ಲಿ ಬೀದಿ ಗ್ಯಾಂಗಿನ ಸಹವಾಸ, ಜೈಲುವಾಸ. ಆಮೇಲೆ ಇಸ್ಲಾಂಗೆ ಮತಾಂತರ. 1998ರಲ್ಲಿ ಈಜಿಪ್ಟ್‌ಗೆ ಪಯಣ. ಅಲ್ಲಿಂದ ಮುಂದೆ ಅವನು ಅಫ್ಘಾನಿಸ್ತಾನ, ಪಾಕಿಸ್ತಾನಗಳಲ್ಲಿ ಅಲ್ ಖೈದಾ ಸಂಪರ್ಕದಲ್ಲಿದ್ದ ಎಂಬುದು ಸರ್ಕಾರದ ವಾದ. 2002ರ ಮೇ 8ರಂದು ಜ್ಯೂರಿಕ್‌ನಿಂದ ಬಂದ ವಿಮಾನದಿಂದ ಷಿಕಾಗೊದ ಒ’ಹೇರ್ ನಿಲ್ದಾಣದಲ್ಲಿ ಇಳಿದಾಗ ಎಫ್‌ಬಿಐ ಅವನನ್ನು ಹಿಡಿಯಿತು. ಬಳಿಯಲ್ಲಿ ಹತ್ತು ಸಾವಿರ ಡಾಲರ್‌ಗೂ ಹೆಚ್ಚು ನಗದು ಇತ್ತು. ಬಾಂಬು, ಸ್ಫೋಟಕ, ಅದನ್ನು ತಯಾರಿಸುವ ಸಾಮಗ್ರಿ ಯಾವುದೂ ಇರಲಿಲ್ಲ.

ಮೊದಲ ಒಂದು ತಿಂಗಳು ಎಲ್ಲವೂ ಸಾಮಾನ್ಯ ಕಾನೂನಿನ ದಾರಿಯಲ್ಲೇ ನಡೆಯಿತು. ಅವನನ್ನು ಆರೋಪಿಯೆಂದು ಬಂಧಿಸಿರಲಿಲ್ಲ, ‘ಮಹತ್ವದ ಸಾಕ್ಷಿ’ ಎಂದು ಬಂಧಿಸಿದ್ದರು. ಒಂದು ತನಿಖೆಗೆ ಅಗತ್ಯವಾದ ಸಾಕ್ಷಿ ಓಡಿಹೋಗಬಹುದು ಎನಿಸಿದರೆ ನ್ಯಾಯಾಧೀಶರ ವಾರಂಟ್ ಪಡೆದು ಅವನನ್ನು ಹಿಡಿದಿಡಲು ಅಮೆರಿಕದ ಕಾನೂನು ಅವಕಾಶ ಕೊಡುತ್ತದೆ. ಅವನನ್ನು ನ್ಯೂಯಾರ್ಕ್‌ಗೆ ಕರೆತಂದರು. ನ್ಯಾಯಾಲಯ ಡೋನಾ ನ್ಯೂಮನ್ ಎಂಬ ವಕೀಲೆಯನ್ನು ನೇಮಿಸಿತು. ಆಕೆ ಬಂಧನವನ್ನು ಪ್ರಶ್ನಿಸಿದರು. ಜೂನ್ 11ಕ್ಕೆ ಕಲಾಪ ನಿಗದಿಯಾಯಿತು.

ಜೂನ್ 9, ಭಾನುವಾರ. ಅಧ್ಯಕ್ಷ ಜಾರ್ಜ್ ಬುಷ್ ಒಂದು ಆದೇಶಕ್ಕೆ ಸಹಿ ಹಾಕಿದರು. ಪಡಿಲ್ಲಾ ‘ಶತ್ರು ಯೋಧ’, ಅವನನ್ನು ರಕ್ಷಣಾ ಸಚಿವರು ವಶಕ್ಕೆ ತೆಗೆದುಕೊಳ್ಳಬೇಕು ಎಂಬುದು ಅದರ ಸಾರ. ಆವತ್ತೇ ಸೇನೆ ಅವನನ್ನು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಳಿಯ ನೌಕಾಪಡೆಯ ಸೆರೆಮನೆಗೆ ಸಾಗಿಸಿತು. ಮರುದಿನ, ಮಾಸ್ಕೊ ಪ್ರವಾಸದಲ್ಲಿದ್ದ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ಅಲ್ಲಿಂದಲೇ ಟಿ.ವಿ. ಮುಂದೆ ಬಂದು, ‘ಡರ್ಟಿ ಬಾಂಬ್’ ಸಂಚೊಂದನ್ನು ವಿಫಲಗೊಳಿಸಿದ್ದೇವೆ ಎಂದು ಘೋಷಿಸಿದರು. ಡರ್ಟಿ ಬಾಂಬ್ ಎಂದರೆ ಅಣುಬಾಂಬ್ ಅಲ್ಲ. ಸಾಮಾನ್ಯ ಸ್ಫೋಟಕಕ್ಕೆ ವಿಕಿರಣ ಸೂಸುವ ವಸ್ತು ಸೇರಿಸಿ, ಸಿಡಿದ ಜಾಗವನ್ನು ವಿಷಮಯ ಮಾಡುವ ಉಪಾಯ.

ನ್ಯೂಮನ್ ಅವರ ಕಕ್ಷಿದಾರ ಹೀಗೆ ಕಲಾಪಕ್ಕೆ ಎರಡು ದಿನ ಮುಂಚೆ ನ್ಯಾಯಾಲಯದ ಕೈಯಿಂದ ಜಾರಿಹೋದ. ಮುಂದಿನ ಸುಮಾರು ಮೂರೂವರೆ ವರ್ಷ ಕಾಲ ಅವನ ಮೇಲೆ ಯಾವ ಆರೋಪಪಟ್ಟಿಯೂ ಇರಲಿಲ್ಲ.

ಎರಡು ಕಾನೂನು, ಎರಡು ಉದ್ದೇಶ

ಇದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ಒಂದು ಮೂಲಭೂತ ವ್ಯತ್ಯಾಸ ಗೊತ್ತಿರಬೇಕು. ಮನುಷ್ಯನನ್ನು ಕೂಡಿಹಾಕಲು ಸರ್ಕಾರಕ್ಕೆ ಬೇರೆ ಬೇರೆ ಕಾನೂನುಗಳು ಬೇರೆ ಬೇರೆ ಕಾರಣಗಳನ್ನು ಕೊಡುತ್ತವೆ.

ಅಪರಾಧ ಕಾನೂನು ಹಿಂದಕ್ಕೆ ನೋಡುತ್ತದೆ. ಇವನು ಏನು ಮಾಡಿದ? ಯಾವ ಕಲಮಿನಡಿ ಅದು ಅಪರಾಧ? ಸಾಕ್ಷ್ಯ ಏನು? ಸರ್ಕಾರ ಆರೋಪ ಹೊರಿಸಬೇಕು, ಆರೋಪಿಗೆ ವಕೀಲರಿರಬೇಕು, ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಆಗಷ್ಟೇ ಶಿಕ್ಷೆ, ಅದಕ್ಕೂ ಒಂದು ಅವಧಿ.

ಯುದ್ಧದ ಕಾನೂನು ಹಾಗಲ್ಲ. ಅದರ ಅಡಿಯಲ್ಲಿ ಶತ್ರು ಸೈನಿಕನನ್ನು ಹಿಡಿದಿಡುವುದು ಶಿಕ್ಷೆಯೇ ಅಲ್ಲ. ಕಬಡ್ಡಿಯಲ್ಲಿ ಔಟಾದವನು ಅಂಕಣದ ಹೊರಗೆ ಕೂರುತ್ತಾನಲ್ಲ, ಹಾಗೆ. ಅವನು ತಪ್ಪೇನೂ ಮಾಡಿಲ್ಲ. ಸದ್ಯಕ್ಕೆ ಆಡುವಂತಿಲ್ಲ, ಅಷ್ಟೇ. 1949ರ ಮೂರನೆಯ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಯನ್ನು ಹೋರಾಟ ಮುಗಿಯುವ ತನಕ ಇಟ್ಟುಕೊಳ್ಳಬಹುದು. ಹೋರಾಡಿದ್ದಕ್ಕಾಗಿ ಮಾತ್ರ ಅವನನ್ನು ಶಿಕ್ಷಿಸುವಂತಿಲ್ಲ. ಹೆಸರು, ಹುದ್ದೆ, ಹುಟ್ಟಿದ ದಿನಾಂಕ, ಸೇನಾ ಸಂಖ್ಯೆ ಬಿಟ್ಟು ಬೇರೇನನ್ನೂ ಅವನು ಹೇಳಬೇಕಾಗಿಲ್ಲ. ಹೋರಾಟ ನಿಂತ ಮೇಲೆ ತಡಮಾಡದೆ ಮನೆಗೆ ಕಳುಹಿಸಬೇಕು. ಇಲ್ಲಿ ವಿಚಾರಣೆಯ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಆರೋಪವೇ ಇಲ್ಲ.

ಈ ವ್ಯವಸ್ಥೆ ನ್ಯಾಯಯುತ ಎನಿಸುವುದು ಎರಡು ಸಂಗತಿಗಳಿಂದ. ಮೈಮೇಲಿನ ಸಮವಸ್ತ್ರ ನೋಡಿದರೆ ಯಾರು ಆಟಗಾರ ಎಂಬುದು ಗೊತ್ತಾಗುತ್ತದೆ. ಕೊನೆಯ ಶಿಳ್ಳೆ ಎಂದಾದರೂ ಒಂದು ದಿನ ಬೀಳುತ್ತದೆ. ಭಯೋತ್ಪಾದನೆಯ ವಿರುದ್ಧದ ‘ಯುದ್ಧ’ದಲ್ಲಿ ಎರಡೂ ಇಲ್ಲ. ಕೂರಿಸಲ್ಪಟ್ಟವನು ‘ನಾನು ಆಟಗಾರನೇ ಅಲ್ಲ, ಪ್ರೇಕ್ಷಕರ ಸಾಲಿನಲ್ಲಿದ್ದವನು’ ಎಂದರೆ ತೀರ್ಮಾನಿಸುವವರು ಯಾರು? ಆಟ ಯಾವಾಗ ಮುಗಿಯುತ್ತದೆ? ಮುಂದಿನ ಇಪ್ಪತ್ತು ವರ್ಷಗಳ ಕಾನೂನು ಜಗಳವೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ನಡೆದಿದೆ.

ಅಮೆರಿಕದ ಸರ್ಕಾರ ಮಾಡಿದ್ದನ್ನು ಸರಳವಾಗಿ ಹೇಳುವುದಾದರೆ, ಅದು ಎರಡೂ ಕಾನೂನುಗಳಿಂದ ತನಗೆ ಅನುಕೂಲವಾದದ್ದನ್ನು ಆಯ್ದುಕೊಂಡಿತು. ಯುದ್ಧಕೈದಿಯಂತೆ ವಿಚಾರಣೆಯಿಲ್ಲದೆ ಕೂಡಿಹಾಕಿತು. ಯುದ್ಧಕೈದಿಗೆ ಸಿಗಬೇಕಾದ ರಕ್ಷಣೆಗಳನ್ನು ಮಾತ್ರ, ಅವನು ಯಾವ ದೇಶದ ಸೈನಿಕನೂ ಅಲ್ಲ ಎಂದು ನಿರಾಕರಿಸಿತು. ‘ಶತ್ರು ಯೋಧ’ ಎಂಬ ಹಣೆಪಟ್ಟಿ ಕೆಲಸಕ್ಕೆ ಬಂದದ್ದು ಇಲ್ಲಿ.

ಆ ಅಧಿಕಾರ ಬಂದದ್ದು ಎಲ್ಲಿಂದ?

ದಾಳಿ ನಡೆದ ಮೂರೇ ದಿನಕ್ಕೆ, 2001ರ ಸೆಪ್ಟೆಂಬರ್ 14ರಂದು ಅಮೆರಿಕದ ಸಂಸತ್ತು ಒಂದು ನಿರ್ಣಯ ಅಂಗೀಕರಿಸಿತು. ದಾಳಿಯನ್ನು ಯೋಜಿಸಿದ, ನಡೆಸಿದ, ಅದಕ್ಕೆ ನೆರವಾದ ಅಥವಾ ಅಂಥವರಿಗೆ ಆಶ್ರಯ ಕೊಟ್ಟ ದೇಶ, ಸಂಘಟನೆ, ವ್ಯಕ್ತಿಗಳ ವಿರುದ್ಧ ‘ಅಗತ್ಯವಾದ ಹಾಗೂ ಸೂಕ್ತವಾದ ಎಲ್ಲ ಬಲ’ ಬಳಸಲು ಅಧ್ಯಕ್ಷರಿಗೆ ಅದು ಅಧಿಕಾರ ಕೊಟ್ಟಿತು. ಎರಡೂ ಸದನಗಳಲ್ಲಿ ಸೇರಿ ವಿರುದ್ಧ ಬಿದ್ದದ್ದು ಒಂದೇ ಮತ, ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಆ ನಿರ್ಣಯದಲ್ಲಿ ‘ಬಂಧನ’ ಎಂಬ ಪದವೇ ಇಲ್ಲ. ಗುಂಡು ಹಾರಿಸುವ ಅಧಿಕಾರ ಇದ್ದ ಮೇಲೆ ಸೆರೆಹಿಡಿಯುವ ಅಧಿಕಾರವೂ ಅದರಲ್ಲೇ ಅಡಗಿದೆ ಎಂಬುದು ಸರ್ಕಾರದ ವಾದ.

ಎದುರು ಪಕ್ಷದ ವಕೀಲರು ಹಿಡಿದುಕೊಂಡದ್ದು 1971ರ ಒಂದು ಪುಟ್ಟ ಕಾನೂನನ್ನು. ಸಂಸತ್ತಿನ ಕಾಯ್ದೆಯ ಆಧಾರವಿಲ್ಲದೆ ಅಮೆರಿಕದ ಯಾವ ಪ್ರಜೆಯನ್ನೂ ಬಂಧನದಲ್ಲಿ ಇಡುವಂತಿಲ್ಲ ಎಂದು ಅದು ಹೇಳುತ್ತದೆ. ಅದರ ಹಿಂದೊಂದು ಕಹಿ ನೆನಪಿದೆ: ಎರಡನೆಯ ಮಹಾಯುದ್ಧದಲ್ಲಿ ಸುಮಾರು 1,20,000 ಜಪಾನಿ ಮೂಲದವರನ್ನು, ಬಹುಪಾಲು ಅಮೆರಿಕದ ಪ್ರಜೆಗಳನ್ನೇ, ಶಿಬಿರಗಳಿಗೆ ಅಟ್ಟಿದ್ದು.

ಹಳೆಯ ತೀರ್ಪುಗಳೂ ಎರಡು ದಿಕ್ಕಿಗೆ ಎಳೆಯುತ್ತಿದ್ದವು. ಅಂತರ್ಯುದ್ಧದ ಕಾಲದಲ್ಲಿ ಇಂಡಿಯಾನಾದ ಲ್ಯಾಂಬ್ಡಿನ್ ಮಿಲಿಗನ್ ಎಂಬ ವಕೀಲನಿಗೆ ಸೇನಾ ನ್ಯಾಯಮಂಡಳಿ ಗಲ್ಲು ವಿಧಿಸಿತ್ತು. ಸಾಮಾನ್ಯ ನ್ಯಾಯಾಲಯಗಳು ಬಾಗಿಲು ತೆರೆದು ಕೆಲಸ ಮಾಡುತ್ತಿರುವಾಗ ನಾಗರಿಕನನ್ನು ಸೇನೆ ವಿಚಾರಿಸುವಂತಿಲ್ಲ ಎಂದು 1866ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1942ರದು ಬೇರೆಯೇ ಕಥೆ. ಹಿಟ್ಲರನ ಜರ್ಮನಿ ಎಂಟು ವಿಧ್ವಂಸಕರನ್ನು ಜಲಾಂತರ್ಗಾಮಿಗಳಲ್ಲಿ ಕಳುಹಿಸಿ ಲಾಂಗ್ ಐಲೆಂಡ್ ಮತ್ತು ಫ್ಲೋರಿಡಾ ಕಡಲತೀರಗಳಲ್ಲಿ ಇಳಿಸಿತು. ಅವರು ಸಮವಸ್ತ್ರವನ್ನು ಮರಳಿನಲ್ಲಿ ಹೂತು ಊರೊಳಗೆ ಸೇರಿಕೊಂಡರು. ಒಬ್ಬ ತಾನಾಗಿ ಎಫ್‌ಬಿಐ ಬಳಿ ಹೋಗಿ ಬಾಯಿಬಿಟ್ಟ. ಅವರಲ್ಲೊಬ್ಬ ತಾನು ಅಮೆರಿಕದ ಪ್ರಜೆ ಎಂದು ವಾದಿಸಿದರೂ ಸುಪ್ರೀಂ ಕೋರ್ಟ್ ಕಿವಿಗೊಡಲಿಲ್ಲ. ಸೇನಾ ನ್ಯಾಯಮಂಡಳಿಯ ತೀರ್ಪಿನಂತೆ ಆರು ಜನರಿಗೆ ಮರಣದಂಡನೆಯಾಯಿತು.

ಬುಷ್ ಸರ್ಕಾರ ಮತ್ತೆ ಮತ್ತೆ ತೋರಿಸಿದ್ದು ಈ 1942ರ ತೀರ್ಪನ್ನು. ಆದರೆ ಗಮನಿಸಿ: ಆ ಎಂಟು ಜನರ ವಿಚಾರಣೆಯಾದರೂ ನಡೆದಿತ್ತು, ಅವರಿಗೆ ವಕೀಲರಿದ್ದರು, ಜರ್ಮನಿಯ ಪಡೆಯಿಂದ ಬಂದದ್ದನ್ನು ಅವರು ಅಲ್ಲಗಳೆಯಲಿಲ್ಲ. ಪಡಿಲ್ಲಾಗೆ ಇದ್ಯಾವುದೂ ಅನ್ವಯಿಸುತ್ತಿರಲಿಲ್ಲ.

ವಕೀಲರನ್ನು ಯಾಕೆ ಹತ್ತಿರ ಬಿಡಲಿಲ್ಲ?

ಸುಮಾರು ಎರಡು ವರ್ಷ, ಅಂದರೆ 2004ರ ಮಾರ್ಚ್‌ವರೆಗೆ, ಪಡಿಲ್ಲಾಗೆ ತನ್ನ ವಕೀಲರ ಮುಖ ಕಾಣಲು ಬಿಡಲಿಲ್ಲ. ಇದಕ್ಕೆ ಸರ್ಕಾರ ಕೊಟ್ಟ ಕಾರಣ ಗುಟ್ಟಿನದೇನಲ್ಲ, ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರಮಾಣಪತ್ರದಲ್ಲೇ ಇದೆ. ರಕ್ಷಣಾ ಗುಪ್ತಚರ ಸಂಸ್ಥೆಯ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಲೋವೆಲ್ ಜೇಕಬಿ 2003ರ ಜನವರಿಯಲ್ಲಿ ಹೀಗೆ ವಿವರಿಸಿದರು: ಪ್ರಶ್ನೆ ಕೇಳುವವನ ಮೇಲೆ ಕೈದಿಗೆ ಪೂರ್ತಿ ಅವಲಂಬನೆ ಹುಟ್ಟಬೇಕು, ನಂಬಿಕೆ ಬೆಳೆಯಬೇಕು, ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು, ನಡುವೆ ವಕೀಲ ಬಂದರೆ ‘ಹೊರಗಿನಿಂದ ಸಹಾಯ ಬರುತ್ತದೆ’ ಎಂಬ ಆಸೆ ಚಿಗುರಿ ಎಲ್ಲ ಕೆಡುತ್ತದೆ.

ಸೇನಾ ಬಂಧನದ ನಿಜವಾದ ಉದ್ದೇಶ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಪೊಲೀಸರಿಗೆ ಬೇಕಾದದ್ದು ಸಾಕ್ಷ್ಯ, ಸೇನೆಗೆ ಬೇಕಾದದ್ದು ಮಾಹಿತಿ. ಸಾಕ್ಷ್ಯವನ್ನು ನ್ಯಾಯಾಧೀಶರ ಮುಂದೆ ಇಡಬೇಕು, ಆದ್ದರಿಂದ ಪಡೆಯುವ ರೀತಿಗೂ ನಿಯಮವಿದೆ. ಮಾಹಿತಿಯನ್ನು ಯಾರ ಮುಂದೆಯೂ ಇಡಬೇಕಾಗಿಲ್ಲ.

ಸೆರೆಮನೆಯೊಳಗಿನ ಬದುಕು ಹೇಗಿತ್ತೆಂಬುದು ಹೊರಜಗತ್ತಿಗೆ ತಿಳಿದದ್ದು 2006ರ ಕೊನೆಯಲ್ಲಿ, ಅವನ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಚಿತ್ರಗಳಿಂದ. ಹಲ್ಲಿನ ಚಿಕಿತ್ಸೆಗೆಂದು ಅವನನ್ನು ಕೋಣೆಯಿಂದ ಹೊರತೆಗೆಯುವ ದೃಶ್ಯ ಅದು. ಬಾಗಿಲ ಕೆಳಗಿನ ಕಿಂಡಿಯಿಂದ ಬರಿಗಾಲು ಹೊರಚಾಚುತ್ತವೆ. ಕಾವಲುಗಾರರು ಸರಪಳಿ ತೊಡಿಸುತ್ತಾರೆ. ಬಾಗಿಲು ತೆರೆದ ಮೇಲೆ ಕೈಗೆ ಬೇಡಿ, ಕಣ್ಣಿಗೆ ಏನೂ ಕಾಣದಂಥ ಕಪ್ಪು ಕನ್ನಡಕ, ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್. ಕಾವಲುಗಾರರ ಮುಖಕ್ಕೂ ಮರೆಯಿತ್ತು. ಹಲ್ಲಿನ ವೈದ್ಯರ ಬಳಿಗೆ ನಡೆಯುವ ಆ ಕೆಲವು ಹೆಜ್ಜೆಗಳಲ್ಲೂ ಅವನು ಏನನ್ನೂ ಕಾಣಬಾರದು, ಕೇಳಬಾರದು. ಕೋಣೆಯ ಕಿಟಕಿಗೆ ಕಪ್ಪು ಬಳಿಯಲಾಗಿತ್ತು, ಗಡಿಯಾರ ಇರಲಿಲ್ಲ ಎಂದು ವಕೀಲರು ಹೇಳಿದರು. ಚಿತ್ರಹಿಂಸೆಯ ಆರೋಪವನ್ನು ಸರ್ಕಾರ ಅಲ್ಲಗಳೆಯಿತು.

ಇನ್ನೊಂದು ತೊಡಕೂ ಇತ್ತು. ಪಡಿಲ್ಲಾ ಮೇಲೆ ಮೊದಲು ಬೊಟ್ಟು ಮಾಡಿದವರಲ್ಲಿ ಒಬ್ಬ ಅಬು ಜುಬೈದಾ, 2002ರ ಮಾರ್ಚ್‌ನಲ್ಲಿ ಪಾಕಿಸ್ತಾನದ ಫೈಸಲಾಬಾದ್‌ನಲ್ಲಿ ಸಿಕ್ಕವನು. ಸಿಐಎ ತನ್ನ ರಹಸ್ಯ ಸೆರೆಮನೆಯಲ್ಲಿ ಅವನ ಉಸಿರುಗಟ್ಟುವಂತೆ ಮುಖದ ಮೇಲೆ ನೀರು ಸುರಿದದ್ದು ಈಗ ಅಧಿಕೃತ ದಾಖಲೆಗಳಲ್ಲೇ ಇದೆ. ಇಂಥವರ ಮಾತನ್ನು ಯಾವ ಸಾಮಾನ್ಯ ನ್ಯಾಯಾಲಯದಲ್ಲೂ ಸಾಕ್ಷ್ಯವಾಗಿ ನಿಲ್ಲಿಸುವುದು ಕಷ್ಟ. ಪಡಿಲ್ಲಾನ ಸ್ವಂತ ಹೇಳಿಕೆಗಳಿಗೂ ಅದೇ ಗತಿ, ವಕೀಲರಿಲ್ಲದೆ ಪಡೆದವು ಅವು. ಡೆಪ್ಯುಟಿ ಅಟಾರ್ನಿ ಜನರಲ್ ಆಗಿದ್ದ ಜೇಮ್ಸ್ ಕೋಮಿ 2004ರ ಜೂನ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು ಇದನ್ನು ಹೆಚ್ಚುಕಡಿಮೆ ಒಪ್ಪಿಕೊಂಡರು: ಮೊದಲೇ ಆರೋಪ ಹೊರಿಸಿದ್ದರೆ ವಕೀಲರ ಸಲಹೆಯಂತೆ ಅವನು ಬಾಯಿ ಮುಚ್ಚಿಕೊಂಡಿರುತ್ತಿದ್ದ, ಬಹುಶಃ ಬಿಡುಗಡೆಯಾಗಿಯೇ ಹೋಗುತ್ತಿದ್ದ ಎಂದರು. ಸರ್ಕಾರದ ಬೆಂಬಲಿಗರಿಗೆ ಇದು ಸೇನಾ ಬಂಧನದ ಸಮರ್ಥನೆ. ವಿರೋಧಿಗಳಿಗೆ ಇದೇ ದೂರು.

ಹೇಬಿಯಸ್ ಕಾರ್ಪಸ್ ಎಂಬ ಬಾಗಿಲು

ಆರೋಪವಿಲ್ಲದ ಕೈದಿಗೆ ಜಾಮೀನು ಅರ್ಜಿ ಹಾಕಲು ಮೊಕದ್ದಮೆಯೇ ಇರುವುದಿಲ್ಲ. ಅವನಿಗೆ ಉಳಿಯುವುದು ಹೇಬಿಯಸ್ ಕಾರ್ಪಸ್ ಅರ್ಜಿ ಒಂದೇ. ‘ಈ ಮನುಷ್ಯನನ್ನು ಹಿಡಿದಿಟ್ಟವರು ಯಾವ ಕಾನೂನಿನಡಿ ಹಿಡಿದಿಟ್ಟಿದ್ದಾರೆಂದು ನನ್ನ ಮುಂದೆ ಬಂದು ಹೇಳಲಿ’ ಎಂದು ನ್ಯಾಯಾಧೀಶರು ಕೇಳುವುದೇ ಅದರ ತಿರುಳು. ಕೈದಿ ನಿರಪರಾಧಿಯೇ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಹಿಡಿದಿಡುವ ಅಧಿಕಾರ ಇದೆಯೇ ಎಂಬುದು ಪ್ರಶ್ನೆ.

ಕರ್ನಾಟಕಕ್ಕೆ ಇದು ಹೊಸ ಮಾತಲ್ಲ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಬಂಧಿತರಾಗಿ ಕೇಂದ್ರ ಕಾರಾಗೃಹ ಸೇರಿದರು. ನಮ್ಮ ಹೈಕೋರ್ಟ್‌ನಲ್ಲೇ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಇಂಥ ಅರ್ಜಿಗಳನ್ನು ಕೇಳಬಹುದು ಎಂದು ಹಲವು ಹೈಕೋರ್ಟ್‌ಗಳು ಹೇಳಿದರೂ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ 4–1ರಿಂದ ಆ ಬಾಗಿಲನ್ನೇ ಮುಚ್ಚಿತು. ಭಿನ್ನವಾಗಿ ನಿಂತವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ತಳ್ಳಿಹಾಕಿದ್ದು 2017ರ ಖಾಸಗಿತನದ ತೀರ್ಪಿನಲ್ಲಿ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ನಮ್ಮಲ್ಲೂ ವಿಚಾರಣೆಯಿಲ್ಲದ ಬಂಧನ ಇದೆಯಲ್ಲ ಎಂದು ಓದುಗರು ಕೇಳಬಹುದು. ಇದೆ, ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಆದರೆ ಮುನ್ನೆಚ್ಚರಿಕೆ ಬಂಧನದ ಆದೇಶ ಹೊರಡುವುದು ಜಿಲ್ಲಾಧಿಕಾರಿ, ಪೊಲೀಸ್ ಆಯುಕ್ತ ಅಥವಾ ಸರ್ಕಾರದಿಂದ, ಸೇನೆಯಿಂದಲ್ಲ. ಕಾರಣ ತಿಳಿಸಬೇಕು, ಮೂರು ತಿಂಗಳಿಗಿಂತ ಹೆಚ್ಚು ಇಡಬೇಕಾದರೆ ಸಲಹಾ ಮಂಡಳಿಯ ಒಪ್ಪಿಗೆ ಬೇಕು, ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಒಂದು ಆದೇಶದ ಗರಿಷ್ಠ ಅವಧಿ 12 ತಿಂಗಳು. ಪಡಿಲ್ಲಾನ ಬಂಧನಕ್ಕೆ ಅವಧಿ ಎಂಬುದೇ ಇರಲಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟ್ ಈ ಪ್ರಶ್ನೆಗೆ ಕೈಹಾಕಿದ್ದು 2004ರ ಜೂನ್ 28ರಂದು. ಅಂದು ಪಡಿಲ್ಲಾ ಜೊತೆಗೆ ಇನ್ನೊಬ್ಬ ಪ್ರಜೆಯ ಪ್ರಕರಣವೂ ತೀರ್ಮಾನವಾಯಿತು. ಯಾಸರ್ ಹಮ್ದಿ ಹುಟ್ಟಿದ್ದು ಲೂಸಿಯಾನಾದಲ್ಲಿ, ಬೆಳೆದದ್ದು ಸೌದಿ ಅರೇಬಿಯಾದಲ್ಲಿ, ಸಿಕ್ಕಿಬಿದ್ದದ್ದು 2001ರ ಕೊನೆಯಲ್ಲಿ ಅಫ್ಘಾನಿಸ್ತಾನದಲ್ಲಿ. ತಾಲಿಬಾನ್ ಪರ ಬಂದೂಕು ಹಿಡಿದಿದ್ದ ಎಂದು ಸರ್ಕಾರ. ಪರಿಹಾರ ಕಾರ್ಯಕ್ಕೆ ಹೋಗಿದ್ದ ಎಂದು ತಂದೆ. ಸರ್ಕಾರ ಒದಗಿಸಿದ ಆಧಾರ ರಕ್ಷಣಾ ಇಲಾಖೆಯ ಅಧಿಕಾರಿಯೊಬ್ಬರ ಒಂದು ಚಿಕ್ಕ ಪ್ರಮಾಣಪತ್ರ ಮಾತ್ರ. ಆ ಅಧಿಕಾರಿ ಹಮ್ದಿಯನ್ನು ಕಂಡವರೂ ಅಲ್ಲ.

ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓ’ಕಾನರ್ ಬರೆದ ಪ್ರಮುಖ ಅಭಿಪ್ರಾಯ ಎರಡೂ ಕಡೆಗೆ ಅರ್ಧರ್ಧ ಕೊಟ್ಟಿತು. ರಣರಂಗದಲ್ಲಿ ಸಿಕ್ಕವನನ್ನು, ಅವನು ಪ್ರಜೆಯೇ ಆಗಿದ್ದರೂ, ಆ ಹೋರಾಟ ನಡೆಯುತ್ತಿರುವವರೆಗೆ ಹಿಡಿದಿಡಬಹುದು. ಆದರೆ ಯಾಕೆ ಹಿಡಿದಿದ್ದೇವೆಂದು ಅವನಿಗೆ ತಿಳಿಸಬೇಕು, ತಟಸ್ಥ ವ್ಯಕ್ತಿಯೊಬ್ಬರ ಮುಂದೆ ಅದನ್ನು ಅಲ್ಲಗಳೆಯಲು ಅವಕಾಶ ಕೊಡಬೇಕು. ಯುದ್ಧ ನಡೆಯುತ್ತಿದೆ ಎಂದಮಾತ್ರಕ್ಕೆ ಪ್ರಜೆಗಳ ಹಕ್ಕುಗಳ ವಿಷಯದಲ್ಲಿ ಅಧ್ಯಕ್ಷರ ಕೈಗೆ ಖಾಲಿ ಚೆಕ್ ಬರುವುದಿಲ್ಲ ಎಂಬ ಆಕೆಯ ಮಾತು ಈಗಲೂ ಉದ್ಧೃತವಾಗುತ್ತದೆ. ಸಂಪ್ರದಾಯವಾದಿ ಎಂದೇ ಹೆಸರಾಗಿದ್ದ ನ್ಯಾಯಮೂರ್ತಿ ಸ್ಕಾಲಿಯಾ ಇನ್ನೂ ಮುಂದೆ ಹೋದರು: ಪ್ರಜೆಯನ್ನು ದೇಶದ್ರೋಹಕ್ಕಾಗಿ ವಿಚಾರಣೆ ಮಾಡಿ, ಇಲ್ಲವೇ ಸಂಸತ್ತು ಹೇಬಿಯಸ್ ಕಾರ್ಪಸ್ಸನ್ನೇ ಅಮಾನತಿನಲ್ಲಿಡಲಿ, ಮೂರನೆಯ ದಾರಿ ಸಂವಿಧಾನದಲ್ಲಿಲ್ಲ.

ಹಮ್ದಿಗೆ ಆ ಅವಕಾಶ ಒದಗಿಸುವ ಬದಲು ಸರ್ಕಾರ ಅವನನ್ನು ಬಿಟ್ಟೇಬಿಟ್ಟಿತು. ಅದೇ ಅಕ್ಟೋಬರ್‌ನಲ್ಲಿ, ಅಮೆರಿಕದ ಪೌರತ್ವ ತ್ಯಜಿಸುವ ಷರತ್ತಿನ ಮೇಲೆ, ಅವನು ಸೌದಿಗೆ ವಾಪಸಾದ. ಎರಡೂವರೆ ವರ್ಷ ಅಷ್ಟೊಂದು ಅಪಾಯಕಾರಿಯಾಗಿದ್ದವನು ನಾಲ್ಕು ತಿಂಗಳಲ್ಲಿ ವಿಮಾನ ಹತ್ತಬಹುದಾದವನಾದ.

ಪಡಿಲ್ಲಾ ಪ್ರಕರಣವನ್ನು ಅದೇ ದಿನ ಅದೇ ನ್ಯಾಯಾಲಯ 5–4ರಿಂದ ತಳ್ಳಿಹಾಕಿತು, ಅದೂ ಅರ್ಜಿಯನ್ನು ತಪ್ಪು ಜಾಗದಲ್ಲಿ ಹಾಕಲಾಗಿದೆ ಎಂಬ ಕಾರಣಕ್ಕೆ. ನ್ಯೂಮನ್ ಅರ್ಜಿ ಹಾಕಿದ್ದು ನ್ಯೂಯಾರ್ಕ್‌ನಲ್ಲಿ. ಕೈದಿ ಇರುವುದು ದಕ್ಷಿಣ ಕೆರೊಲಿನಾದಲ್ಲಿ. ಆದ್ದರಿಂದ ಅಲ್ಲಿ, ಸೆರೆಮನೆಯ ಮುಖ್ಯಸ್ಥರ ವಿರುದ್ಧ ಹಾಕಬೇಕಿತ್ತು. ಎರಡು ವರ್ಷಗಳ ಹೋರಾಟ ಮತ್ತೆ ಮೊದಲ ಮೆಟ್ಟಿಲಿಗೆ ಬಂತು.

ತೀರ್ಪು ಹತ್ತಿರ ಬಂದಾಗ ಕೈದಿ ಬೇರೆಡೆಗೆ

ಹೊಸ ಅರ್ಜಿ ಮೆಟ್ಟಿಲು ಹತ್ತುತ್ತಾ ಹೋಯಿತು. 2005ರ ಸೆಪ್ಟೆಂಬರ್‌ನಲ್ಲಿ ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯ ಸರ್ಕಾರದ ಪರ ತೀರ್ಪು ಕೊಟ್ಟಿತು. ಪಡಿಲ್ಲಾ ವಕೀಲರು ಸುಪ್ರೀಂ ಕೋರ್ಟ್ ಮೊರೆಹೋದರು. ಸರ್ಕಾರ ಅಲ್ಲಿ ಉತ್ತರ ಸಲ್ಲಿಸಲು ಕೆಲವೇ ದಿನ ಬಾಕಿಯಿದ್ದಾಗ, ನವೆಂಬರ್ 22ರಂದು, ಮಯಾಮಿಯ ಸಾಮಾನ್ಯ ನ್ಯಾಯಾಲಯದಲ್ಲಿ ಪಡಿಲ್ಲಾ ಮೇಲೆ ಕ್ರಿಮಿನಲ್ ಆರೋಪ ಹೊರಿಸಿರುವುದಾಗಿ ಪ್ರಕಟಿಸಿತು. ಇನ್ನು ಅವನು ಸೇನೆಯ ಕೈದಿ ಅಲ್ಲ, ಆದ್ದರಿಂದ ಸುಪ್ರೀಂ ಕೋರ್ಟ್ ತೀರ್ಮಾನಿಸಲು ಏನೂ ಉಳಿದಿಲ್ಲ ಎಂಬ ಲೆಕ್ಕ.

ಇದಕ್ಕೆ ಸಿಡಿದದ್ದು ಸರ್ಕಾರದ ಪರವೇ ತೀರ್ಪು ಬರೆದಿದ್ದ ನ್ಯಾಯಾಧೀಶ ಮೈಕೆಲ್ ಲುಟ್ಟಿಗ್. ಪಡಿಲ್ಲಾನನ್ನು ಹಸ್ತಾಂತರಿಸಲು ಅನುಮತಿ ಕೇಳಿದಾಗ ಅವರು ನಿರಾಕರಿಸಿದರು. ಇಷ್ಟು ವರ್ಷ ಅವನನ್ನು ಹಿಡಿದಿಟ್ಟದ್ದೇ ತಪ್ಪಾಗಿತ್ತೇನೋ ಎಂಬ ಭಾವನೆಗೂ, ಸುಪ್ರೀಂ ಕೋರ್ಟಿನ ಪರಿಶೀಲನೆ ತಪ್ಪಿಸಿಕೊಳ್ಳುವ ಯತ್ನವಿದು ಎಂಬ ಭಾವನೆಗೂ ಸರ್ಕಾರ ತಾನೇ ಎಡೆಮಾಡಿಕೊಟ್ಟಿದೆ ಎಂದು ಬರೆದರು. ಆದರೂ 2006ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹಸ್ತಾಂತರಕ್ಕೆ ಒಪ್ಪಿತು, ಏಪ್ರಿಲ್‌ನಲ್ಲಿ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ನಿರಾಕರಿಸಿತು.

ಇದೇ ನಡೆ ಇನ್ನೊಮ್ಮೆ ಕಂಡಿತು, ಬೇರೆ ಅಧ್ಯಕ್ಷರ ಕಾಲದಲ್ಲಿ. ಕತಾರ್‌ನ ಅಲಿ ಅಲ್-ಮರ್ರಿ ಇಲಿನಾಯ್ಸ್‌ನ ಪಿಯೊರಿಯಾದಲ್ಲಿ ಓದಲು ಬಂದಿದ್ದವನು. ಕ್ರೆಡಿಟ್ ಕಾರ್ಡ್ ವಂಚನೆಯ ಮೊಕದ್ದಮೆ ನಡೆಯುತ್ತಿದ್ದಾಗ, 2003ರ ಜೂನ್‌ನಲ್ಲಿ, ಅವನನ್ನೂ ‘ಶತ್ರು ಯೋಧ’ ಎಂದು ಘೋಷಿಸಿ ಅದೇ ಚಾರ್ಲ್ಸ್‌ಟನ್ ಸೆರೆಮನೆಗೆ ಒಯ್ದರು. ಅವನ ಅರ್ಜಿಯನ್ನು ಸುಪ್ರೀಂ ಕೋರ್ಟ್ 2008ರ ಡಿಸೆಂಬರ್‌ನಲ್ಲಿ ಕೈಗೆತ್ತಿಕೊಂಡಿತು. ಒಬಾಮ ಅಧಿಕಾರಕ್ಕೆ ಬಂದ ಮರುತಿಂಗಳೇ ಅವನ ಮೇಲೆ ಕ್ರಿಮಿನಲ್ ಆರೋಪ ದಾಖಲಾಗಿ, ಪ್ರಶ್ನೆ ಮತ್ತೆ ಕಡತ ಸೇರಿತು. ಅಲ್ ಖೈದಾಗೆ ನೆರವಾದದ್ದನ್ನು ಅವನು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಎಂಟು ವರ್ಷ ನಾಲ್ಕು ತಿಂಗಳ ಶಿಕ್ಷೆಯಾಯಿತು.

ಮಯಾಮಿಯಲ್ಲಿ ಏನಾಯಿತು?

2007ರಲ್ಲಿ ಮೂರು ತಿಂಗಳ ವಿಚಾರಣೆ. ಅಚ್ಚರಿಯೆಂದರೆ ಆರೋಪಪಟ್ಟಿಯಲ್ಲಿ ಡರ್ಟಿ ಬಾಂಬ್‌ನ ಪ್ರಸ್ತಾಪವೇ ಇಲ್ಲ. ಮಾಸ್ಕೊದಿಂದ ಜಗತ್ತಿಗೆ ಸಾರಿದ್ದ ಆರೋಪವನ್ನು ಸರ್ಕಾರ ಎಂದೂ ನ್ಯಾಯಾಲಯದಲ್ಲಿ ಹೊರಿಸಲಿಲ್ಲ. ಬದಲಿಗೆ, ವಿದೇಶಗಳಲ್ಲಿ ಜನರನ್ನು ಕೊಲ್ಲುವ, ಅಪಹರಿಸುವ ಒಳಸಂಚು ಮತ್ತು ಭಯೋತ್ಪಾದನೆಗೆ ನೆರವು. ಮುಖ್ಯ ಸಾಕ್ಷ್ಯ ಒಂದು ಅರ್ಜಿ ನಮೂನೆ: ಅಲ್ ಖೈದಾ ತರಬೇತಿ ಶಿಬಿರಕ್ಕೆ ಸೇರುವವರು ತುಂಬಿಕೊಡುತ್ತಿದ್ದ ಹಾಳೆಗಳು. ಅದರ ಮೇಲೆ ಪಡಿಲ್ಲಾನ ಬೆರಳಚ್ಚು ಇತ್ತು. ಅಫ್ಘಾನ್ ಒಬ್ಬ ಅದನ್ನು ಇತರ ಕಾಗದಪತ್ರಗಳ ರಾಶಿಯೊಂದಿಗೆ ಪಿಕಪ್ ಟ್ರಕ್ಕಿನಲ್ಲಿ ತಂದು ಕಂದಹಾರ್‌ನಲ್ಲಿ ಅಮೆರಿಕನ್ನರಿಗೆ ಒಪ್ಪಿಸಿದ್ದ. ಅದನ್ನು ಪಡೆದ ಸಿಐಎ ಅಧಿಕಾರಿ ವೇಷ ಮರೆಸಿಕೊಂಡು ಬಂದು ಸಾಕ್ಷಿ ನುಡಿದ.

ಆಗಸ್ಟ್ 16ರಂದು ಜ್ಯೂರಿ ಅವನನ್ನೂ ಇನ್ನಿಬ್ಬರು ಸಹ ಆರೋಪಿಗಳನ್ನೂ ತಪ್ಪಿತಸ್ಥರೆಂದು ಹೇಳಿತು. ನ್ಯಾಯಾಧೀಶೆ ಮಾರ್ಸಿಯಾ ಕುಕ್, ನೌಕಾ ಸೆರೆಮನೆಯಲ್ಲಿ ಅವನು ಅನುಭವಿಸಿದ ಕಠಿಣ ಸ್ಥಿತಿಯನ್ನು ಗಣನೆಗೆ ತೆಗೆದುಕೊಂಡು 17 ವರ್ಷ 4 ತಿಂಗಳ ಶಿಕ್ಷೆ ವಿಧಿಸಿದರು. ಇದು ತೀರಾ ಕಡಿಮೆ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿದ ಮೇಲೆ 2014ರಲ್ಲಿ ಅದು 21 ವರ್ಷವಾಯಿತು. ಅಂದರೆ ಸಾಮಾನ್ಯ ನ್ಯಾಯಾಲಯ ಅವನನ್ನು ಶಿಕ್ಷಿಸಲು ಅಸಮರ್ಥವೇನೂ ಆಗಿರಲಿಲ್ಲ. ಬೂಟಿನಲ್ಲಿ ಸ್ಫೋಟಕ ಅಡಗಿಸಿ ವಿಮಾನ ಹತ್ತಿದ್ದ ರಿಚರ್ಡ್ ರೀಡ್‌ಗೆ ಜೀವಾವಧಿ ಶಿಕ್ಷೆಯಾದದ್ದೂ 2003ರಲ್ಲಿ, ಅಂಥದೇ ನ್ಯಾಯಾಲಯದಲ್ಲಿ.

ಗ್ವಾಂಟಾನಮೊ ಇದರಲ್ಲಿ ಎಲ್ಲಿ ಬರುತ್ತದೆ?

ಎರಡು ವಿಷಯಗಳನ್ನು ಜನ ಬೆರೆಸಿಬಿಡುತ್ತಾರೆ. ವಿಚಾರಣೆಯಿಲ್ಲದ ಸೇನಾ ಬಂಧನ ಒಂದು. ಮಿಲಿಟರಿ ಕಮಿಷನ್, ಅಂದರೆ ಸೇನಾಧಿಕಾರಿಗಳು ಕೂತು ನಡೆಸುವ ವಿಚಾರಣೆ, ಇನ್ನೊಂದು. ಗ್ವಾಂಟಾನಮೊಗೆ 2002ರ ಜನವರಿಯಿಂದ ಬಂದವರು ಸುಮಾರು 780 ಜನ. ಬಹುಪಾಲು ಮಂದಿಯ ಮೇಲೆ ಯಾವ ವಿಚಾರಣೆಯೂ ನಡೆಯಲೇ ಇಲ್ಲ. 2025ರ ಜನವರಿ ಹೊತ್ತಿಗೆ ಉಳಿದಿದ್ದವರು 15. ಸೆಪ್ಟೆಂಬರ್ 11ರ ಸಂಚಿನ ಮುಖ್ಯ ಆರೋಪಿ ಖಾಲಿದ್ ಶೇಖ್ ಮೊಹಮ್ಮದ್‌ನಂಥ ಕೆಲವರಷ್ಟೇ ಕಮಿಷನ್ ಎದುರು ನಿಂತದ್ದು. ಅವನ ಮೇಲೆ 2012ರಲ್ಲಿ ಹೊಸದಾಗಿ ಆರೋಪ ಓದಿಹೇಳಿದರೂ, ಹಿಂಸೆಯಿಂದ ಪಡೆದ ಹೇಳಿಕೆಗಳನ್ನು ಏನು ಮಾಡಬೇಕೆಂಬ ವಾದದಲ್ಲೇ ವರ್ಷಗಳು ಕಳೆದವು.

ಆ ಜಾಗವನ್ನೇ ಆರಿಸಿದ್ದಕ್ಕೆ ಕಾರಣ, ಅದು 1903ರಿಂದ ಕ್ಯೂಬಾದಿಂದ ಗುತ್ತಿಗೆಗೆ ಪಡೆದ ನೆಲ, ಅಮೆರಿಕದ ನ್ಯಾಯಾಲಯಗಳ ಕೈ ಅಲ್ಲಿಗೆ ಎಟುಕದು ಎಂಬ ಎಣಿಕೆ. 2008ರ ಬೂಮೆದಿಯೆನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಆ ಎಣಿಕೆಯನ್ನು ಸುಳ್ಳುಮಾಡಿತು: ಅಲ್ಲಿನ ವಿದೇಶಿ ಕೈದಿಗೂ ಹೇಬಿಯಸ್ ಕಾರ್ಪಸ್ ಹಕ್ಕಿದೆ.

ಹಾಗಾದರೆ ಈಗ ಕಾನೂನು ಏನು ಹೇಳುತ್ತದೆ?

ರಣರಂಗದಲ್ಲಿ ಸಿಕ್ಕ ಪ್ರಜೆಯನ್ನು ಹಿಡಿದಿಡಬಹುದು, ಆದರೆ ಅವನ ಮಾತು ಕೇಳಬೇಕು. ಗ್ವಾಂಟಾನಮೊದಲ್ಲಿರುವ ವಿದೇಶಿ ನ್ಯಾಯಾಲಯದ ಬಾಗಿಲು ತಟ್ಟಬಹುದು. ಇವೆರಡು ಇತ್ಯರ್ಥವಾಗಿವೆ. ಅಮೆರಿಕದ ನೆಲದಲ್ಲೇ ಬಂಧಿಸಿದವನನ್ನು ಸೇನೆ ವಿಚಾರಣೆಯಿಲ್ಲದೆ ಇಟ್ಟುಕೊಳ್ಳಬಹುದೇ? ಇದಕ್ಕೆ ಸುಪ್ರೀಂ ಕೋರ್ಟ್ ಉತ್ತರವನ್ನೇ ಕೊಟ್ಟಿಲ್ಲ.

ಸಂಸತ್ತು ಉತ್ತರಿಸಬಹುದಿತ್ತು. 2011ರ ಕೊನೆಯಲ್ಲಿ ರಕ್ಷಣಾ ವೆಚ್ಚದ ಮಸೂದೆಯ 1021ನೇ ಕಲಮು ಸೇನಾ ಬಂಧನದ ಅಧಿಕಾರವನ್ನು ಮೊದಲ ಬಾರಿಗೆ ಬರವಣಿಗೆಯಲ್ಲಿ ಇಟ್ಟಿತು. ಪ್ರಜೆಗಳಿಗೂ ಇದು ಅನ್ವಯವೇ ಎಂಬ ಜಗಳ ಸೆನೆಟ್‌ನಲ್ಲಿ ಎದ್ದಾಗ ಎರಡೂ ಕಡೆಯವರು ಒಂದು ರಾಜಿ ವಾಕ್ಯಕ್ಕೆ ಒಪ್ಪಿದರು: ಅಮೆರಿಕದಲ್ಲಿ ಬಂಧಿತರಾದವರ ವಿಷಯದಲ್ಲಿ ಈಗಿರುವ ಕಾನೂನನ್ನು ಈ ಕಲಮು ಬದಲಿಸುವುದಿಲ್ಲ. ಈಗಿರುವ ಕಾನೂನು ಏನೆಂಬುದೇ ಅವರ ಜಗಳವಾಗಿತ್ತು! ಪ್ರಜೆಗಳನ್ನು ವಿಚಾರಣೆಯಿಲ್ಲದೆ ಅನಿರ್ದಿಷ್ಟ ಕಾಲ ಸೇನೆಯ ವಶದಲ್ಲಿ ಇಡುವುದಕ್ಕೆ ತಮ್ಮ ಆಡಳಿತ ಒಪ್ಪುವುದಿಲ್ಲ ಎಂದು ಒಬಾಮ ಸಹಿ ಹಾಕುವಾಗ ಹೇಳಿದರು. ಅದು ಅವರ ಆಡಳಿತದ ಮಾತು, ಮುಂದಿನವರನ್ನು ಕಟ್ಟಿಹಾಕುವ ಕಾನೂನಲ್ಲ.

2017ರ ಸೆಪ್ಟೆಂಬರ್‌ನಲ್ಲಿ ಸಿರಿಯಾದ ಕುರ್ದಿಶ್ ನೇತೃತ್ವದ ಪಡೆಯೊಂದು ಅಮೆರಿಕ ಮತ್ತು ಸೌದಿ ಎರಡೂ ಪೌರತ್ವವಿದ್ದ ಒಬ್ಬನನ್ನು ಐಎಸ್ (ಇಸ್ಲಾಮಿಕ್ ಸ್ಟೇಟ್) ಸದಸ್ಯನೆಂಬ ಶಂಕೆಯ ಮೇಲೆ ಅಮೆರಿಕದ ಸೇನೆಗೆ ಒಪ್ಪಿಸಿತು. ಅವನನ್ನು ಇರಾಕ್‌ನಲ್ಲಿ ಇರಿಸಲಾಯಿತು. ನಾಗರಿಕ ಹಕ್ಕುಗಳ ಸಂಘಟನೆಯೊಂದು ಅವನ ಹೆಸರೂ ತಿಳಿಯದೆ ವಾಷಿಂಗ್ಟನ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿತು. 2001ರ ನಿರ್ಣಯ ಆಗ ಹುಟ್ಟಿಯೇ ಇರದಿದ್ದ ಐಎಸ್‌ಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ನ್ಯಾಯಾಧೀಶರು ಉತ್ತರ ಕೊಡುವ ಮುನ್ನವೇ, ಹದಿಮೂರು ತಿಂಗಳ ನಂತರ, ಸರ್ಕಾರ ಅವನನ್ನು ಬಹ್ರೇನ್‌ಗೆ ಕರೆದೊಯ್ದು ಬಿಡುಗಡೆ ಮಾಡಿತು. ಮೊಕದ್ದಮೆ ಅಲ್ಲಿಗೆ ಮುಗಿಯಿತು.